ಬರಿದಾದ ಧ್ವಜಸ್ತಂಭ: ‘ದಿ ಕ್ವೀನ್’ ಚಲಚ್ಚಿತ್ರದ ಕುರಿತು ಒಂದು ಪಾಠ

ಚಲಚ್ಚಿತ್ರವೊಂದನ್ನು ಪಾಠದ ವಸ್ತುವಾಗಿ ಎತ್ತಿಕೊಳ್ಳುವುದು ಕೆಲವು ತಾಯ್ತಂದೆಗಳಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಾವು ತರಗತಿಗಳಲ್ಲಿ ಓದಿಸುವ ನಾಟಕಗಳಲ್ಲಿಯೂ ಅರಸರಿಗೆ ಕೊರತೆಯಿಲ್ಲವಷ್ಟೆ. 2006ರಲ್ಲಿ ಪೀಟರ್ ಮೋರ್ಗನ್ ಎಂಬವರು ಬರೆದು ಸ್ಟೀಫನ್ ಫ್ರಿಯರ್ಸ್ ಎಂಬವರು ನಿರ್ದೇಶಿಸಿದ ‘ದಿ ಕ್ವೀನ್’ ಎಂಬ ಚಿತ್ರವೂ ಅಂಥದೇ ಒಂದು ರಾಜನಾಟಕವಾಗಿದೆ. ಭೇದವೇನೆಂದರೆ, ಇದು ತೆರೆಗೆ ಬಂದಾಗ ಇದರ ನಾಯಿಕೆಯಾದ ಎರಡನೆಯ ಎಲಿಜಬೆತ್ ರಾಣಿಯವರು ಇನ್ನೂ ಸಿಂಹಾಸನದಲ್ಲಿದ್ದರು.

ಮೊದಲು ಚರಿತ್ರೆಯನ್ನು ನೋಡೋಣ. 1997ನೆಯ ಇಸವಿ ಆಗಸ್ಟ್ 31ರಂದು ಡಯಾನಾ ಅವರು ಪ್ಯಾರಿಸ್ ನಗರದಲ್ಲಿ ಮೋಟಾರು ಅಪಘಾತದಿಂದ ತೀರಿಕೊಂಡರು. ಯುವರಾಜ ಚಾರ್ಲ್ಸ್ ಅವರೊಂದಿಗಿನ ಅವರ ವಿವಾಹವು ಹಿಂದಿನ ವರುಷವೇ ರದ್ದಾಗಿತ್ತು. ಆದುದರಿಂದ ಸತ್ತವರು ರಾಜಮನೆತನದವರೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ಅವರು ಅರಸಿಯ ಸೊಸೆಯಾಗಿ ಉಳಿದಿರಲಿಲ್ಲ. ಆದರೂ ಮುಂದೆ ಅರಸನಾಗಬೇಕಾದ ಬಾಲಕನ ತಾಯಿಯಾಗಿದ್ದರು. ರಾಣಿಯವರು ಆಗ ಸ್ಕಾಟ್‌ಲೆಂಡಿನ ಬಾಲ್ಮೊರಲ್ ಬೀಡಿನಲ್ಲಿದ್ದರು. ಹದಿನೈದು ಮತ್ತು ಹನ್ನೆರಡು ವಯಸ್ಸಿನ ಇಬ್ಬರು ಮೊಮ್ಮಕ್ಕಳೂ ಅಲ್ಲಿಯೇ ಇದ್ದರು. ರಾಣಿಯವರು ಅಲ್ಲಿಂದ ಕದಲಲಿಲ್ಲ, ಮಾತಾಡಲೂ ಇಲ್ಲ.

ಇತ್ತ ಲಂಡನ್ನಿನಲ್ಲಿ ಅರಮನೆಗಳ ಬಾಗಿಲುಗಳ ಮುಂದೆ ಹೂಗಳು ರಾಶಿರಾಶಿಯಾಗಿ ಬಿದ್ದವು. ಜನರ ದೃಷ್ಟಿಯೆಲ್ಲ ಬಕಿಂಗ್‌ಹ್ಯಾಮ್ ಅರಮನೆಯ ಧ್ವಜಸ್ತಂಭದ ಮೇಲೆ ನೆಟ್ಟಿತು. ದೇಶದೆಲ್ಲೆಡೆ ಧ್ವಜಗಳು ಅರ್ಧಕ್ಕೆ ಇಳಿದಿರುವಾಗ ಈ ಸ್ತಂಭ ಮಾತ್ರ ಏಕೆ ಬರಿದಾಗಿದೆಯೆಂದು ಅವರು ಕೇಳಿದರು. ಇಲ್ಲಿ ಓದುವವರು ಸ್ವಲ್ಪ ನಿಲ್ಲಬೇಕು. ಆ ಕಾಲದ ಪದ್ಧತಿಯ ಪ್ರಕಾರ ಅಲ್ಲಿ ಹಾರುತ್ತಿದ್ದುದು ದೇಶದ ಧ್ವಜವಲ್ಲ, ಅರಸನ ಧ್ವಜ. ಅರಸನು ಮನೆಯಲ್ಲಿದ್ದರೆ ಅದು ಹಾರುವುದು, ಇಲ್ಲದಿದ್ದರೆ ಸ್ತಂಭವು ಬರಿದಾಗಿರುವುದು. ಆ ಧ್ವಜವನ್ನು ಎಂದಿಗೂ ಅರ್ಧಕ್ಕೆ ಇಳಿಸುವುದಿಲ್ಲ. ಯಾಕೆಂದರೆ ಒಬ್ಬ ಅರಸನು ಸತ್ತ ಕ್ಷಣವೇ ಇನ್ನೊಬ್ಬನು ಅರಸನಾಗುತ್ತಾನೆ, ಅರಸುತನಕ್ಕೆ ಸಾವಿಲ್ಲ. ಅಂತೂ ಬರಿದಾದ ಸ್ತಂಭವು ಅರಮನೆಯವರಿಗೆ ನಿಯಮಪಾಲನೆಯಾಗಿಯೂ, ಬೀದಿಯಲ್ಲಿ ನಿಂತವರಿಗೆ ಕಲ್ಲೆದೆಯ ಗುರುತಾಗಿಯೂ ಕಂಡಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಈ ಚಿತ್ರದ ಗಂಟು ಇರುವುದು ಇಲ್ಲಿಯೇ.

ಹೆಲೆನ್ ಮಿರೆನ್ ಅವರು ರಾಣಿಯ ಪಾತ್ರವನ್ನು ವಹಿಸಿ 2007ರಲ್ಲಿ ಆಸ್ಕರ್ ಪಾರಿತೋಷಕವನ್ನು ಪಡೆದರು. ಅವರು ಚಿತ್ರದಲ್ಲಿ ಅಳುವುದು ಒಂದೇ ಒಂದು ಸಲ; ಆಗಲೂ ಅವರ ಬೆನ್ನು ನಮ್ಮ ಕಡೆಗಿರುತ್ತದೆ. ಗುಡ್ಡಗಾಡಿನಲ್ಲಿ ತಾವೇ ನಡೆಸುತ್ತಿದ್ದ ಗಾಡಿಯು ಹೊಳೆಯ ನಡುವೆ ಕೆಟ್ಟು ನಿಲ್ಲುತ್ತದೆ. ಯುದ್ಧಕಾಲದಲ್ಲಿ, 1945ರಲ್ಲಿ, ಸೇನೆಯ ಸ್ತ್ರೀದಳವನ್ನು ಸೇರಿ ಮೋಟಾರು ರಿಪೇರಿಯನ್ನು ಕಲಿತಿದ್ದ ರಾಣಿಯವರು ಏನು ಮುರಿದಿದೆಯೆಂದು ತಾವೇ ನೋಡಿ ತಿಳಿಯುತ್ತಾರೆ. ಸಹಾಯಕ್ಕಾಗಿ ಕಾಯುವಾಗ ಕಣ್ಣೀರು ಬರುತ್ತದೆ. ಅಷ್ಟರಲ್ಲಿ ದೊಡ್ಡ ಕವಲುಗೊಂಬುಗಳ ಸಾರಂಗವೊಂದು ಎದುರಿಗೆ ಕಾಣಿಸಿಕೊಳ್ಳುತ್ತದೆ. ಬೇಟೆಗಾರರು ಬರುತ್ತಿರುವ ಸಪ್ಪಳ ಕೇಳಿ ಅವರು ಅದನ್ನು ಓಡಿಸುತ್ತಾರೆ. ಇದೆಲ್ಲ ಲೇಖಕನ ಕಲ್ಪನೆ. ಬಾಗಿಲು ಮುಚ್ಚಿದ ಮನೆಯೊಳಗಿನ ಮಾತುಗಳೂ ಹಾಗೆಯೇ. ಡಯಾನಾ ಅವರನ್ನು ಮಾತ್ರ ಹೆಚ್ಚಾಗಿ ಹಳೆಯ ವಾರ್ತಾಚಿತ್ರಗಳಲ್ಲಿ ತೋರಿಸಿದ್ದಾರೆ. ನಾಟಕವನ್ನು ಚರಿತ್ರೆಯೆಂದು ತಿಳಿಯುವ ಅಭ್ಯಾಸ ನಮ್ಮ ಹುಡುಗಿಯರಲ್ಲಿ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರಧಾನಮಂತ್ರಿ ಟೋನಿ ಬ್ಲೇರ್ ಅವರು ಆ ವರುಷದ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದವರು, ರಾಣಿಯವರ ಆಳಿಕೆಯ ಹತ್ತನೆಯ ಪ್ರಧಾನಿ. ಮೊದಲನೆಯವರು ಚರ್ಚಿಲ್. ಚಿತ್ರದಲ್ಲಿ ಬ್ಲೇರ್ ಅವರು ಲಂಡನ್ನಿಗೆ ಹಿಂತಿರುಗಬೇಕೆಂದು ರಾಣಿಯವರನ್ನು ಒತ್ತಾಯಿಸುತ್ತಾರೆ. ಆದರೆ ತಮ್ಮ ಸಹಾಯಕರೇ ಆಕೆಯನ್ನು ಹಾಸ್ಯಮಾಡಿದಾಗ ಸಿಟ್ಟಿನಿಂದ ಆಕೆಯ ಪಕ್ಷವನ್ನು ವಹಿಸುತ್ತಾರೆ. ಹಿರಿಯರ ತಪ್ಪನ್ನು ತೋರಿಸುತ್ತಲೇ ಅವರ ಮಾನವನ್ನು ಕಾಯುವ ಈ ಬುದ್ಧಿಯು ನನಗೆ ಬಹಳ ಹಿಡಿಸಿತು.

ರಾಣಿಯವರು ತಪ್ಪಿದರೇ? ನಮ್ಮ ಊರುಗಳಲ್ಲಿ ಸಾವಿನ ಮನೆಗೆ ಹೋಗಿ ಬಂದವರು ಯಾರು ಎಷ್ಟು ಅತ್ತರೆಂದು ಲೆಕ್ಕ ಹಾಕುವುದುಂಟು. ಅಳದೆ ಒಲೆಯ ಮುಂದೆ ನಿಂತು ಬಂದವರಿಗೆ ಗಂಜಿ ಕಾಯಿಸಿದ ಹೆಂಗಸಿಗೆ ಕಲ್ಲೆದೆಯೆಂಬ ಹೆಸರು ಬರುತ್ತದೆ. ತಾಯಿಯಿಲ್ಲದ ಇಬ್ಬರು ಬಾಲಕರನ್ನು ಜನಜಂಗುಳಿಯ ಕಣ್ಣಿಂದ ದೂರವಿಟ್ಟ ಅಜ್ಜಿಯನ್ನು ನಾನು ದೂಷಿಸಲಾರೆ. ಹಿರಿಯ ಮೊಮ್ಮಗನಾದ ವಿಲಿಯಂ ಅವರೂ 2017ರಲ್ಲಿ ಅಜ್ಜಿಯವರು ತಮ್ಮನ್ನು ಕಾಪಾಡಲು ಯತ್ನಿಸಿದರೆಂದೇ ಹೇಳಿದರು. ಆದರೆ ಅಜ್ಜಿಗೆ ಒಂದು ಮನೆ, ಅರಸಿಗೆ ದೇಶವೆಲ್ಲ ಮನೆ. ಶೋಕಿಸುವ ಜನರು ಆಕೆಯಿಂದ ಅಪ್ಪಣೆಯನ್ನು ಕೇಳಲಿಲ್ಲ, ಎದುರಿಗೆ ಬಂದು ನಿಲ್ಲಬೇಕೆಂದಷ್ಟೇ ಕೇಳಿದರು. ಅದಕ್ಕೆ ಐದು ದಿನ ತಡವಾದದ್ದು ಹೆಚ್ಚೆಂದೇ ನನ್ನ ಅಭಿಪ್ರಾಯ.

ಸೆಪ್ಟೆಂಬರ್ 5ರಂದು ಅವರು ಲಂಡನ್ನಿಗೆ ಬಂದರು. ಚಿತ್ರದಲ್ಲಿ ಹೂಗಳ ನಡುವೆ ನಡೆಯುವಾಗ, ಹೂ ಹಿಡಿದು ನಿಂತ ಪುಟ್ಟ ಹುಡುಗಿಯೊಬ್ಬಳನ್ನು ಕಂಡು, ಇವನ್ನು ನಾನು ಇಡಲೇ ಎಂದು ಕೇಳುತ್ತಾರೆ. ಹುಡುಗಿ ಬೇಡವೆನ್ನುತ್ತಾಳೆ. ರಾಣಿಯ ಮುಖ ಬಾಡುತ್ತದೆ. ಹೂಗಳು ನಿಮಗೇ ಎಂದು ಹುಡುಗಿ ಹೇಳಿದಾಗ ಆ ಮುಖದಲ್ಲಿ ಆಗುವ ಬದಲಾವಣೆಯನ್ನು ಬರೆದು ತೋರಿಸಲಾಗದು.

ಅಂದು ಸಂಜೆ ರಾಣಿಯವರು ದೂರದರ್ಶನದಲ್ಲಿ ದೇಶವನ್ನು ಉದ್ದೇಶಿಸಿ ಮಾತಾಡಿದರು. ಮರುದಿನ ಶವಪೆಟ್ಟಿಗೆಯು ಅರಮನೆಯ ಮುಂದೆ ಹಾದುಹೋದಾಗ ತಲೆಬಾಗಿದರು. ಅವರು ವೆಸ್ಟ್‌ಮಿನ್‌ಸ್ಟರ್ ದೇವಾಲಯಕ್ಕೆ ಹೊರಟ ಮೇಲೆ ಆ ಸ್ತಂಭದಲ್ಲಿ ದೇಶದ ಧ್ವಜವು ಅರ್ಧಕ್ಕೆ ಹಾರಿತು. ಅಲ್ಲಿಂದೀಚೆಗೆ ಅರಸನಿಲ್ಲದ ದಿನಗಳಲ್ಲಿ ಅಲ್ಲಿ ದೇಶದ ಧ್ವಜವು ಹಾರುವುದು ವಾಡಿಕೆಯಾಯಿತು. 2022ನೆಯ ಇಸವಿ ಸೆಪ್ಟೆಂಬರ್ 8ರಂದು ರಾಣಿಯವರು ಅದೇ ಬಾಲ್ಮೊರಲ್ ಬೀಡಿನಲ್ಲಿ ತೀರಿಕೊಂಡಾಗ, ಲಂಡನ್ನಿನ ಅರಮನೆಯ ಮೇಲೆ ಆ ಧ್ವಜವನ್ನು ಅರ್ಧಕ್ಕೆ ಇಳಿಸಿದರು.