ದೊಡ್ಡ ಹಗಲಿಗೊಂದು ಪುಟ್ಟ ಆಚರಣೆ

ಜೂನ್ 21ರ ಆಸುಪಾಸು ವರ್ಷದಲ್ಲೇ ದೊಡ್ಡ ಹಗಲು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಅಂದು ಹಗಲು 13 ಗಂಟೆ ಮೀರುತ್ತದೆ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆಗಳ ಸಡಗರದ ನಡುವೆ ಈ ದಿನ ಗಮನಕ್ಕೇ ಬಾರದೆ ಹೋಗುತ್ತದೆ. ಈ ಸಲ ಮನೆಮಟ್ಟಿಗೆ, ಸದ್ದಿಲ್ಲದೆ ಆಚರಿಸಿ.

ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12 ಗಂಟೆ 25 ನಿಮಿಷದ ಸುಮಾರಿಗೆ ನೆರಳು ನೋಡಿ. ಅರ್ಧ ಗೇಣು, ಅಂದರೆ ಸುಮಾರು 11 ಸೆಂ.ಮೀ. ಅಷ್ಟೇ, ಅದೂ ದಕ್ಷಿಣಕ್ಕೆ! ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ತಿಂಗಳುಗಳಲ್ಲಿ ನಡುಹಗಲ ನೆರಳು ಉತ್ತರಕ್ಕೇ ಬೀಳುತ್ತದೆ. ನೆರಳಿನ ತುದಿಗೆ ಮಕ್ಕಳ ಕೈಯಿಂದ ಒಂದು ಕಲ್ಲು ಇಡಿಸಿ. ಡಿಸೆಂಬರ್ 21ಕ್ಕೆ ಮತ್ತೆ ಅಳೆಯಿರಿ, ಸುಮಾರು 86 ಸೆಂ.ಮೀ. ಬರುತ್ತದೆ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ. ನೆರಳು ನೋಡಿದರೆ ಸಾಕು.

ಇದೇ ಹೊತ್ತಿಗೆ ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬರುತ್ತಾನೆ, ಹೊಲದಲ್ಲಿ ತೊಗರಿ ಬಿತ್ತನೆಯ ಗಡಿಬಿಡಿ. ಹಿತ್ತಲಿಗೂ ಒಂದು ಗಳಿಗೆ ಕೊಡಿ. ಮಳೆ ಹದವಾಗಿ ಬಿದ್ದಿದ್ದರೆ ಹೀರೆ, ಚವಳಿ, ಬೆಂಡೆಯ ಬೀಜ ಊರಿ. ನುಗ್ಗೆಯ ಟೊಂಗೆ ನೆಡಿ. ನಮ್ಮ ಕರಿಮಣ್ಣು ನೀರು ಹಿಡಿದಿಡುತ್ತದೆ, ಆದ್ದರಿಂದ ಬುಡಕ್ಕೆ ಮಣ್ಣು ಏರಿಸಿ, ನೀರು ಹರಿದುಹೋಗಲು ದಾರಿ ಮಾಡಿ.

ಸಂಜೆ ಬೆಳಕಿರುವಾಗಲೇ ಮನೆಮಂದಿಯೆಲ್ಲ ಹೊರಗೆ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಣ್ಣಿ. ಇದಕ್ಕೆ ಖರ್ಚಿಲ್ಲ, ದೊಡ್ಡ ತಯಾರಿ ಬೇಕಿಲ್ಲ. ಪುಸ್ತಕದಲ್ಲಿ ಓದಿದ ಭೂಮಿಯ ಓರೆ ಮಕ್ಕಳಿಗೆ ಸ್ವಂತ ಅಂಗಳದಲ್ಲೇ ತಿಳಿಯುತ್ತದೆ. ಈ ವರ್ಷದಿಂದಲೇ ಶುರು ಮಾಡಿ.