ಮೋಟಾರು ಗಾಡಿಯ ಮೇಲ್ತೊಟ್ಟಿ: ಒಂದು ಸ್ಥಾನವಿಚಾರ

ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯೆಲ್ಲವೂ ಚಕ್ರಗಳನ್ನು ತಿರುಗಿಸುವುದಿಲ್ಲ. ಸ್ಥೂಲವಾಗಿ ಅದರ ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ತಂಪುನೀರು ಹೊತ್ತೊಯ್ದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕಾಗುತ್ತದೆ. ಈ ಪರಿಚಲನೆಗೆ ತಡೆಯುಂಟಾದರೆ ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ, ತಿಂಗಳುಗಟ್ಟಲೆ ಶ್ರಮಿಸಿ ಕಟ್ಟಿದ ಇಂಜಿನ್ನು ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು. ಕಾರ್ಖಾನೆಯ ಕಾರಿನಲ್ಲಿ ಇದನ್ನೆಲ್ಲ ತಯಾರಕರೇ ಯೋಚಿಸಿರುತ್ತಾರೆ. ಸ್ವಂತ ಕೈಯಿಂದ ಕಾರು ಕಟ್ಟುವವನು ಮಾತ್ರ ಹೆಡರ್ ಟ್ಯಾಂಕು, ಅಂದರೆ ಮೇಲ್ತೊಟ್ಟಿ, ಎಲ್ಲಿರಬೇಕೆಂಬುದನ್ನು ತಾನೇ ನಿರ್ಧರಿಸಬೇಕು.

ಇದಕ್ಕೆ ಆಧಾರವಾದ ನಿಯಮಗಳು ಎರಡೇ. ನೀರು ಕೆಳಕ್ಕಿಳಿಯುತ್ತದೆ, ಗಾಳಿ ಮೇಲಕ್ಕೇರುತ್ತದೆ. ಮೊದಲನೆಯದಕ್ಕೆ ಚಿತ್ರದುರ್ಗದ ಕೋಟೆಯೇ ಸಾಕ್ಷಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ ತಾನಾಗಿಯೇ ಇಳಿಯುವಂತೆ ಹಿಂದಿನವರು ಏರ್ಪಡಿಸಿದರು. ಎರಡನೆಯದನ್ನು ಬಿ.ದುರ್ಗ, ಹೊಳಲ್ಕೆರೆಯ ಕಡೆ ತೋಟಕ್ಕೆ ಪೈಪು ಹಾಯಿಸಿದ ರೈತರು ಬಲ್ಲರು. ಪೈಪು ಉಬ್ಬಿದೆಡೆ ಗಾಳಿ ಸಿಕ್ಕಿಕೊಂಡರೆ ಪಂಪು ಓಡುತ್ತಿದ್ದರೂ ನೀರಿನ ಹರಿವು ಕುಗ್ಗುತ್ತದೆ. ಇಂಜಿನ್ನಿನಲ್ಲಿಯೂ ಆಗುವುದು ಇದೇ.

ಆದುದರಿಂದ ಮೇಲ್ತೊಟ್ಟಿಯ ನೀರಿನ ಮಟ್ಟವು ಇಂಜಿನ್ನು, ರೇಡಿಯೇಟರು, ಕೊಳವೆಗಳು ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ತೊಟ್ಟಿಯ ತಳದಿಂದ ದಪ್ಪ ಕೊಳವೆಯೊಂದು ನೀರಿನ ಪಂಪಿನ ಹೀರುಬಾಯಿಗೆ ಸೇರಬೇಕು; ಮಂಡಲದಲ್ಲಿ ಒತ್ತಡ ಅತಿ ಕಡಿಮೆಯಿರುವುದು ಅಲ್ಲಿಯೇ. ಸಿಲಿಂಡರ್ ಹೆಡ್ಡಿನ ಮತ್ತು ರೇಡಿಯೇಟರಿನ ನೆತ್ತಿಗಳಿಂದ ಸಣ್ಣ ಕೊಳವೆಗಳು ಎಲ್ಲಿಯೂ ತಗ್ಗದೆ ಏರುತ್ತ ತೊಟ್ಟಿಗೆ ಗಾಳಿಯನ್ನು ತಲುಪಿಸಬೇಕು. ಇವು ದಪ್ಪವಾದರೆ ಬಿಸಿನೀರು ರೇಡಿಯೇಟರನ್ನು ತಪ್ಪಿಸಿ ಅಡ್ಡದಾರಿ ಹಿಡಿಯುತ್ತದೆ. ಇಂಜಿನ್ನು ಹಿಂದೆಯೂ ರೇಡಿಯೇಟರು ಮುಂದೆಯೂ ಇರುವ ಗಾಡಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ತೊಟ್ಟಿಯು ಹೊಗೆಕೊಳವೆಯಿಂದ ದೂರವಿರಬೇಕು. ದಿಣ್ಣೆ ಏರುವಾಗ ನೀರು ಒಂದು ಬದಿಗೆ ಸರಿದರೂ ತಳದ ಬಾಯಿ ಮುಳುಗಿಯೇ ಇರಬೇಕು.

ತೊಟ್ಟಿಯನ್ನು ಕಂಠಪೂರ್ತಿ ತುಂಬಬಾರದು. 20 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಕಾಯುವಾಗ ನೀರು ಶೇಕಡಾ 4ರಷ್ಟು ಹಿಗ್ಗುತ್ತದೆ. 8 ಲೀಟರು ನೀರಿಗೆ ಇದು ಲೀಟರಿನ ಮೂರನೆಯ ಒಂದು ಭಾಗದಷ್ಟಾಗುವುದು. ಅದಕ್ಕೆ ಸಾಕಷ್ಟು ಬರಿಜಾಗವಿರಬೇಕು. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಯೊಳಗೇ ಕುದಿಯುತ್ತದೆ. ಒತ್ತಡದ ಮುಚ್ಚಳವು ವಾಯುಭಾರದ ಮೇಲೆ 1 ಬಾರ್‌ನಷ್ಟು ಒತ್ತಡವನ್ನು ಹಿಡಿದಿಟ್ಟರೆ ಕುದಿಯುವ ಬಿಂದು 120 ಡಿಗ್ರಿಯ ಸಮೀಪಕ್ಕೇರುತ್ತದೆ. ಬಿಸಿಯಿರುವಾಗ ಆ ಮುಚ್ಚಳವನ್ನು ತೆರೆದರೆ ನೀರು ತಟಕ್ಕನೆ ಆವಿಯಾಗಿ ಚಿಮ್ಮಿ ಮುಖ, ಕೈಗಳನ್ನು ಸುಡುವುದು. ಇಂಜಿನ್ನು ಪೂರ್ಣ ತಣಿಯುವವರೆಗೆ ಅದನ್ನು ಮುಟ್ಟಲೇಬಾರದು.

ಉಷ್ಣಮಾಪಕವನ್ನೊಂದನ್ನೇ ನಂಬಿ ಕೂರುವುದೂ ಸಲ್ಲದು. ಅದರ ಸಂವೇದಕವು ಆವಿಯ ಗುಳ್ಳೆಯಲ್ಲಿ ಸಿಕ್ಕಿದ್ದರೆ ಮುಳ್ಳು ದಿಟವನ್ನು ಹೇಳದು. ಮೊದಲ ಓಟದ ನಂತರ ಗಾಡಿ ತಣಿದ ಮೇಲೆ ತೊಟ್ಟಿಯ ಮಟ್ಟವನ್ನು ನೋಡಬೇಕು. ಮಟ್ಟ ತಗ್ಗಿದ್ದು ಎಲ್ಲಿಯೂ ಸೋರಿಕೆಯಿಲ್ಲದಿದ್ದರೆ ಒಳಗೆ ಸಿಕ್ಕಿದ್ದ ಗಾಳಿ ಹೊರಬಂದಿದೆಯೆಂದು ತಿಳಿದು ನೀರು ತುಂಬಬೇಕು. ಮಟ್ಟ ಸ್ಥಿರವಾಗುವವರೆಗೆ ಈ ಪರೀಕ್ಷೆಯನ್ನು ಮುಂದುವರಿಸಿದ ಮೇಲೆಯೇ ಗಾಡಿಯನ್ನು ದೂರದ ಪಯಣಕ್ಕೆ ಹೊರಡಿಸುವುದು ಯುಕ್ತ.