ಕರಂಡೆಯ ಗಿಡ: ಅದರ ಪ್ರಯೋಜನವೂ ಗುರುತೂ

ತುಳುನಾಡಿನಲ್ಲಿ ಕರಂಡೆಯೆಂದೂ ಮಲೆನಾಡಿನಲ್ಲಿ ಕವಳಿಯೆಂದೂ ಕರೆಯಲ್ಪಡುವ ಮುಳ್ಳುಗಿಡವು ಗುಡ್ಡಗಳ ಅಂಚಿನಲ್ಲಿ ತಾನಾಗಿ ಬೆಳೆಯುವುದು. ಸಂಸ್ಕೃತದಲ್ಲಿ ಇದಕ್ಕೆ ಕರಮರ್ದವೆಂದು ಹೆಸರು. ಲಿನೇಯಸ್ ಪಂಡಿತನು 1767ರಲ್ಲಿ ಇದಕ್ಕೆ ಕ್ಯಾರಿಸ್ಸ ಕ್ಯಾರಂಡಾಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಮಕ್ಕಳಿಗೆ ಕಲಿಸತಕ್ಕ ಸಂಗತಿಗಳು ಈ ಗಿಡದಲ್ಲಿ ಹಲವಿರುವುದರಿಂದ ಇಲ್ಲಿ ಕೆಲವನ್ನು ಬರೆಯುತ್ತೇವೆ.

ಕವಲೊಡೆದ ಗಟ್ಟಿಮುಳ್ಳುಗಳಿರುವುದರಿಂದ ಇದನ್ನು ಬೇಲಿಯಾಗಿ ನೆಟ್ಟರೆ ದನಕರುಗಳು ಒಳನುಗ್ಗಲಾರವು. ಬೇಸಗೆಯಲ್ಲಿ ಇದರ ಎಳೆಗಾಯಿಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲದ ಗಂಜಿಯೂಟಕ್ಕೆ ಒದಗಿಸುವ ಪದ್ಧತಿಯನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು. ಪೂರ್ಣ ಮಾಗದ ಕಾಯಿಯಲ್ಲಿ ಪೆಕ್ಟಿನ್ ಎಂಬ ಪದಾರ್ಥವು ಹೇರಳವಾಗಿರುವುದರಿಂದ ಸಕ್ಕರೆಯೊಡನೆ ಕುದಿಸಿದರೆ ಜೆಲ್ಲಿಯು ಸುಲಭವಾಗಿ ಹೆಪ್ಪುಗಟ್ಟುವುದು. ಬೇಕರಿಯ ಕೇಕುಗಳ ಮೇಲೆ ಚೆರ್ರಿಯೆಂದು ಇಡುವ ಕೆಂಪು ಹಣ್ಣು ಅನೇಕ ವೇಳೆ ಬಣ್ಣ ಹಾಕಿ ಸಕ್ಕರೆಪಾಕದಲ್ಲಿ ನೆನೆಸಿದ ಕರಂಡೆಯೇ ಆಗಿರುವುದು. ಇದರ ಗಟ್ಟಿಮರದಿಂದ ಬಾಚಣಿಗೆ, ಸೌಟುಗಳನ್ನು ಮಾಡುವುದುಂಟು.

ಔಷಧದ ವಿಷಯದಲ್ಲಿ, ಹಣ್ಣನ್ನು ಪಿತ್ತಕ್ಕೂ ಅರುಚಿಗೂ, ಬೇರನ್ನು ಹೊಟ್ಟೆಯ ಹುಳಕ್ಕೂ, ಎಲೆಯ ಕಷಾಯವನ್ನು ಜ್ವರಕ್ಕೂ ಹಿಂದಿನವರು ಉಪಯೋಗಿಸುತ್ತಿದ್ದರು. ಹಸಿಯ ಹಣ್ಣಿನಲ್ಲಿ ಸಿ ಜೀವಸತ್ವವಿರುವುದು. ಕುದಿಸಿದರೆ ಅದರಲ್ಲಿ ಬಹುಭಾಗ ನಷ್ಟವಾಗುವುದು. ಆದರೆ ರಕ್ತಪರೀಕ್ಷೆಯಿಂದ ತಿಳಿಯಬೇಕಾದ ಜ್ವರವನ್ನು ಕಷಾಯವೊಂದಕ್ಕೇ ಬಿಟ್ಟುಕೊಡಲಾಗದು.

ಇನ್ನು ಮುಖ್ಯವಾದ ಮಾತು. ಅಂಗಳಗಳಲ್ಲಿ ಅಂದಕ್ಕಾಗಿ ಬೆಳೆಸುವ ಹಳದಿ ಕಣಗಿಲೆಯು ಅಮೆರಿಕಾ ಖಂಡದಿಂದ ಬಂದ, ಕರಂಡೆಯ ಕುಟುಂಬಕ್ಕೇ ಸೇರಿದ ಗಿಡ. ಎರಡರಲ್ಲಿಯೂ ಮುರಿದ ಕಡೆ ಬಿಳಿಯ ಹಾಲು ಒಸರುವುದು. ಎರಡರ ಕಾಯಿಯೂ ಹಸುರಾಗಿದ್ದು ಮಾಗಿದಾಗ ಕಪ್ಪಾಗುವುದು. ಆದರೆ ಕಣಗಿಲೆಯ ಬೀಜವು ಹೃದಯದ ಬಡಿತವನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲ ವಿಷ. ಆದಕಾರಣ ಹಾಲನ್ನೂ ಬಣ್ಣವನ್ನೂ ಗುರುತಾಗಿ ಎಣಿಸಕೂಡದು. ಕರಂಡೆಗೆ ಮುಳ್ಳುಂಟು, ಎಲೆಗಳು ಅಗಲವಾಗಿ ಎದುರುಬದುರಾಗಿರುವುವು, ಹಣ್ಣಿನೊಳಗೆ ಹಲವು ಸಣ್ಣ ಬೀಜಗಳಿರುವುವು. ಕಣಗಿಲೆಗೆ ಮುಳ್ಳಿಲ್ಲ, ಎಲೆಗಳು ಕಿರಿದಾಗಿ ನೀಳ, ಕೋನಗಳುಳ್ಳ ಕಾಯಿಯೊಳಗೆ ಒಂದೇ ಗಟ್ಟಿಯಾದ ಓಟೆ. ಮಗುವು ಅದನ್ನು ತಿಂದಿತೆಂದು ಸಂಶಯ ತೋರಿದರೂ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಉಳಿದ ಕಾಯಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಲ್ಲುಗೋಡೆ, ತಂತಿಬೇಲಿಗಳು ಬಂದಲ್ಲಿ ಕರಂಡೆಯ ಬೇಲಿ ಇಲ್ಲವಾಗುತ್ತಿರುವುದು. ಅದರೊಡನೆ ಗಿಡವನ್ನು ಕಣ್ಣಾರೆ ಕಂಡು ಕಲಿಯುವ ಅವಕಾಶವೂ ಕಡಮೆಯಾಗಿದೆ. ನಮ್ಮಲ್ಲಿ ಓದಿ ಇಂದು ತಾಯಂದಿರಾಗಿರುವವರು ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಗುಡ್ಡದ ಕಡೆಗೆ ಕರೆದೊಯ್ದು, ಈ ಎರಡು ಗಿಡಗಳ ಭೇದವನ್ನು ಬೆರಳಿಟ್ಟು ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ.